ಬೆಳಗ್ಗೆ ನೋಡಿದ್ದು, ರಾತ್ರಿ ತಟ್ಟೆಗೆ ಬಂದದ್ದು

"ಬೆಳಗ್ಗೆ ಅಷ್ಟೊತ್ತು ನೀರಾಗ ಮುಖ ಇಟ್ಕೊಂಡು ನೋಡಿ ಚೆಂದ ಐತಿ ಚೆಂದ ಐತಿ ಅಂದ್ರಿ. ರಾತ್ರಿ ಅದನ್ನೇ ತರಿಸ್ಕೊಂಡು ತಿಂದ್ರಿ. ಹೆಂಗ್ರೀ ಮನಸ್ಸು ಬರ್ತೈತಿ?"

ಹೀಗೆ ಕೇಳಿದವರು ನಮ್ಮ ಜೊತೆ ಮಧ್ಯ ಅಮೆರಿಕದ ಬೆಲೀಜ್‌ಗೆ ಬಂದಿದ್ದ ಗೆಳೆಯನ ಹೆಂಡತಿ. ದಾವಣಗೆರೆ ಕಡೆಯವರು, ಮೊಟ್ಟೆಯನ್ನೂ ಮುಟ್ಟುವವರಲ್ಲ. ಚುಚ್ಚಬೇಕು ಅಂತ ಕೇಳಿದ್ದಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದು. ನಾನು ಹೊನ್ನಾವರದವನು. ಮೀನು ಯಾಕೆ ತಿನ್ನುತ್ತೀಯ ಅಂತ ಯಾರಾದರೂ ಕೇಳಿದರೆ ನಗು ಬರುತ್ತದೆ, ಉತ್ತರ ಕೊಡುವ ಗೋಜಿಗೇ ಹೋಗುವುದಿಲ್ಲ. ಆದರೆ ಇವರು ಕೇಳಿದ್ದು ಅದಲ್ಲ. ಯಾಕೆ ತಿಂದಿರಿ ಅಂತ ಅಲ್ಲ, ನೋಡಿದ ಮೇಲೂ ಹೇಗೆ ತಿಂದಿರಿ ಅಂತ. ಅವತ್ತು ಏನೋ ತಮಾಷೆ ಮಾಡಿ ಮಾತು ಹಾರಿಸಿದೆ. ಮಾತು ಹಾರಿತು, ಪ್ರಶ್ನೆ ಹಾರಲಿಲ್ಲ. ವಾಪಸ್ ಹ್ಯೂಸ್ಟನ್ನಿಗೆ ಬಂದು, ಆಫೀಸಿಗೆ ಹೋಗಲು ಶುರು ಮಾಡಿ, ಮೈ ಮೇಲಿನ ಬಿಸಿಲಿನ ಸಿಪ್ಪೆ ಎದ್ದು ಹೋದ ಮೇಲೂ ತಲೆಯಲ್ಲಿ ಅದೇ ಕೂತಿತ್ತು.

ಹೋಗಿದ್ದು ಕೀ ಕಾಕರ್ ಎಂಬ ಪುಟ್ಟ ದ್ವೀಪಕ್ಕೆ. ಬೆಲೀಜ್ ಸಿಟಿಯ ತನಕ ವಿಮಾನ, ಅಲ್ಲಿಂದ ದೋಣಿಯಲ್ಲಿ ಮುಕ್ಕಾಲು ಗಂಟೆ. ಅಮೆರಿಕದ ಕನ್ನಡಿಗರು ಸಾಮಾನ್ಯವಾಗಿ ಮೆಕ್ಸಿಕೋದ ಕ್ಯಾನ್‌ಕೂನ್‌ಗೆ ಹೋಗಿ, ಕೈಗೆ ಬಣ್ಣದ ಪಟ್ಟಿ ಕಟ್ಟಿಸಿಕೊಂಡು, ಮೂರು ಹೊತ್ತು ಬಫೆ ತಿಂದು ಬರುತ್ತಾರೆ. ನಾವೂ ತಿಂದು ಬಂದವರೇ. ಇಲ್ಲಿ ಅಂಥದ್ದೇನೂ ಇಲ್ಲ. ಊರಿನ ಉದ್ದಕ್ಕೆ ಮೂರು ಬೀದಿ. ಮುಂದಿನ ಬೀದಿ, ನಡುವಿನ ಬೀದಿ, ಹಿಂದಿನ ಬೀದಿ ಅಂತಲೇ ಕರೆಯುತ್ತಾರೆ. ಹೆಚ್ಚಿನ ಕಡೆ ಬರೀ ಮರಳು, ಚಪ್ಪಲಿಯ ನೆನಪೇ ಬರುವುದಿಲ್ಲ. ಓಡಾಟಕ್ಕೆ ಗಾಲ್ಫ್ ಕಾರ್ಟ್, ಇಲ್ಲದಿದ್ದರೆ ಸೈಕಲ್. ಎಲ್ಲಿ ನೋಡಿದರೂ 'ಗೋ ಸ್ಲೋ' ಅಂತ ಬೋರ್ಡು. ಬಡಗಣ ತುದಿಯಲ್ಲಿ ದ್ವೀಪ ಎರಡು ತುಂಡಾಗಿದೆ. 1961ರ ಹ್ಯಾಟಿ ಚಂಡಮಾರುತದ ಕಾಲದ್ದು ಅದು. ಆ ಸೀಳಿನ ಪಕ್ಕ ಈಗ ಜನ ಸೊಂಟದ ಮಟ್ಟದ ನೀರಲ್ಲಿ ಕೂತು ಬೆಲಿಕಿನ್ ಬಿಯರ್ ಕುಡಿಯುತ್ತಾರೆ.

ಅಂದ ಹಾಗೆ, ಈ 'ನಿಧಾನ' ಎಲ್ಲರಿಗೂ ಅಲ್ಲ. ನಾವು ಒಂಬತ್ತು ಗಂಟೆಗೆ ಆಕಳಿಸುತ್ತ ತಿಂಡಿಗೆ ಹೋದಾಗ, ಮೈದಾ ಹಿಟ್ಟು ಲಟ್ಟಿಸಿ ಎಣ್ಣೆಯಲ್ಲಿ ಉಬ್ಬಿಸಿ ಫ್ರೈ ಜ್ಯಾಕ್ ಮಾಡಿಕೊಡುವ ಹೆಂಗಸು ಬೆಳಕು ಹರಿಯುವ ಮುಂಚೆಯೇ ಒಲೆ ಹಚ್ಚಿದ್ದಳು. ಅವಳ ಕೈ ನಿಧಾನ ಆಗಿದ್ದನ್ನು ನಾನು ನೋಡಲಿಲ್ಲ.

ಮೀನಿಗೆ ಕಣ್ಣಿದೆ

ಕಡಲ ಪಕ್ಕ ಹುಟ್ಟಿದವರಿಗೆಲ್ಲ ಈಜು ಬರುತ್ತದೆ ಅಂತ ಘಟ್ಟದ ಮೇಲಿನವರು ಅಂದುಕೊಂಡಿರುತ್ತಾರೆ. ಸುಳ್ಳು. ನಮ್ಮ ಮನೆಯಲ್ಲಿ ಕಡಲು ಅಂದರೆ ದೂರದಿಂದ ನೋಡುವಂಥದ್ದು. ಮಳೆಗಾಲದಲ್ಲಿ ರಾತ್ರಿಯೆಲ್ಲ ಅದರ ಸದ್ದು ಕೇಳುತ್ತ ಮಲಗಬೇಕು, ಬೇಸಿಗೆಯಲ್ಲಿ ಸಂಜೆ ಹೊತ್ತು ಕಾಲು ತೋಯಿಸಬಹುದು, ಮೊಣಕಾಲು ದಾಟಿದರೆ ಆಯಿ ದಡದಿಂದಲೇ ಕೂಗುತ್ತಿದ್ದಳು. ಮೀನು ನಮಗೆ ಕಡಲಿಂದ ಬರುತ್ತಿರಲಿಲ್ಲ, ಬುಟ್ಟಿಯಿಂದ ಬರುತ್ತಿತ್ತು. ಮೀನು ಮಾರುವವಳು ತಲೆ ಮೇಲಿನ ಬುಟ್ಟಿಯನ್ನು ಅಂಗಳಕ್ಕೆ ಇಳಿಸಿದ ಕೂಡಲೇ ಅಜ್ಜಿ ಬಗ್ಗಿ ಒಂದು ಬಂಗಡೆ ಎತ್ತಿ, ಕಿವಿರು ಬಿಡಿಸಿ ನೋಡಿ, "ನಿನ್ನೆದಲ್ಲವೇನೇ ಇದು?" ಅಂತ ಶುರು ಮಾಡುತ್ತಿದ್ದಳು. "ಈಗಷ್ಟೇ ದೋಣಿ ಬಂತು ಅಮ್ಮಾ, ಕಣ್ಣು ನೋಡಿ ಅದರದ್ದು" ಅಂತ ಅವಳು. ಅಜ್ಜಿ ಕಣ್ಣು ನೋಡುತ್ತಿದ್ದಳು. ನನಗೂ ನೋಡಲು ಕಲಿಸಿದಳು. ಕಣ್ಣು ಉಬ್ಬಿ ಹೊಳೆಯುತ್ತಿದ್ದರೆ ತಾಜಾ, ಒಳಗೆ ಹೋಗಿ ಮಂಜಾಗಿದ್ದರೆ ಬೇಡ. ಮೀನಿನ ಕಣ್ಣು ಇರುವುದೇ ನಾವು ನೋಡುವುದಕ್ಕೆ ಅಂತ ನಾನು ಬೆಳೆದೆ. ಅದು ತಿರುಗಿ ನಮ್ಮನ್ನು ನೋಡಬಹುದು ಅನ್ನುವುದು ನಲವತ್ತು ದಾಟುವ ತನಕ ತಲೆಗೇ ಬಂದಿರಲಿಲ್ಲ.

ಬೆಲೀಜ್‌ನ ಹವಳದ ದಂಡೆ ಸುಮಾರು 300 ಕಿಲೋಮೀಟರ್ ಉದ್ದ ಇದೆ. ಕೀ ಕಾಕರ್‌ನ ದಡದಲ್ಲಿ ನಿಂತರೆ ಅಲೆ ಒಡೆಯುವ ಬಿಳಿ ಗೆರೆ ಕಣ್ಣಿಗೇ ಕಾಣುತ್ತದೆ. ದೊಡ್ಡ ಅಲೆಗಳೆಲ್ಲ ಅಲ್ಲೇ ನಿಂತುಬಿಡುತ್ತವೆ, ಒಳಗಿನ ನೀರು ತಿಳಿಯಾಗಿ ಸುಮ್ಮನಿರುತ್ತದೆ. ಹಾಗಾಗಿಯೇ ನನ್ನಂಥ ಅರೆಬರೆ ಈಜುಗಾರನೂ ಲೈಫ್ ಜಾಕೆಟ್ ಕಟ್ಟಿಕೊಂಡು ಮುಖ ಕೆಳಗೆ ಮಾಡಿ ತೇಲಬಹುದು. ಕನ್ನಡಕಕ್ಕೆ ಉಗಿದು ಉಜ್ಜಿ ತೊಳೆಯಿರಿ, ಆವಿ ಕಟ್ಟುವುದಿಲ್ಲ ಅಂತ ಗೈಡ್ ಹೇಳಿಕೊಟ್ಟ. ಬಾಯಿಗೆ ಕಚ್ಚಿಕೊಂಡ ಕೊಳವೆಯಲ್ಲಿ ಉಸಿರಾಡುವುದು ಮೊದಲ ಹತ್ತು ನಿಮಿಷ ಕಷ್ಟ. ಆಮೇಲೆ ತನ್ನ ಉಸಿರಿನ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ, ಅದೊಂದು ಥರ ನೆಮ್ಮದಿ.

ಮೊದಲು ಹೋದದ್ದು ಹೋಲ್ ಚಾನ್‌ಗೆ. ಹವಳದ ದಂಡೆಯಲ್ಲಿ ಒಂದು ಕಂಡಿ ಅದು, ಆಳ ಮೂವತ್ತು ಅಡಿ ಆಸುಪಾಸು. 1987ರಿಂದ ರಕ್ಷಿತ ಪ್ರದೇಶ. ಅಲ್ಲಿ ಮೀನು ಹಿಡಿಯುವಂತಿಲ್ಲ, ಚಿಪ್ಪು ಎತ್ತುವಂತಿಲ್ಲ, ಹವಳ ಮುಟ್ಟುವಂತಿಲ್ಲ. ಅದರ ಫಲ ಇಳಿದ ಕೂಡಲೇ ಕಾಣುತ್ತದೆ. ಹಿಂಡುಗಟ್ಟಿದ ಸ್ನ್ಯಾಪರ್‌ಗಳು ಮನುಷ್ಯರ ಕಡೆ ಕ್ಯಾರೇ ಅನ್ನದೆ ಹೋಗುತ್ತಿರುತ್ತವೆ. ಗಿಣಿಮೀನುಗಳು ಹವಳದ ಮೇಲಿನ ಪಾಚಿಯನ್ನು ಕೆರೆಯುವ ಸದ್ದು ಕಿವಿಗೆ ಬೀಳುತ್ತದೆ. ಒಂದು ಹಸಿರು ಆಮೆ ಹುಲ್ಲು ಮೇಯುತ್ತಿತ್ತು. ಬಂಡೆಯ ಕೆಳಗಿನ ಸಂದಿಯಿಂದ ಎರಡು ಉದ್ದ ಮೀಸೆ ಹೊರಗೆ ಚಾಚಿತ್ತು. ಅದು ಲಾಬ್‌ಸ್ಟರ್, ಸಿಗಡಿಯ ದೊಡ್ಡ ಬಂಧು, ಕೊಂಬಿನ ಹಾಗೆ ಕಾಣುವ ಇಕ್ಕಳ ಇಲ್ಲದ ಕೆರಿಬಿಯನ್ ಜಾತಿಯದ್ದು. ನಾನು ಹತ್ತಿರ ಹೋದಷ್ಟೂ ಅದು ಒಳಗೆ ಸರಿಯಿತು, ದೂರ ಸರಿದರೆ ಮತ್ತೆ ಮೀಸೆ ಹೊರಗೆ.

ಆದರೆ ನನ್ನನ್ನು ನಿಜವಾಗಿ ನಿಲ್ಲಿಸಿದ್ದು ಶಂಖ. ದೇವರ ಕೋಣೆಯಲ್ಲಿ ಪೀಠದ ಮೇಲೆ ಕೂರುವ ಶಂಖ ಬೇರೆ ಜಾತಿ, ಬಿಳಿ, ಚಿಕ್ಕದು. ಇಲ್ಲಿಯದು ಒಂದು ಅಡಿ ತನಕ ಬೆಳೆಯುತ್ತದೆ, ಒಳಗಿನ ತುಟಿ ಗುಲಾಬಿ. ಕಡಲ ಹುಲ್ಲಿನ ನಡುವೆ ಒಂದು ಬಿದ್ದಿತ್ತು. ಖಾಲಿ ಚಿಪ್ಪು ಅಂದುಕೊಂಡು ಮೇಲೆ ತೇಲುತ್ತ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಚಿಪ್ಪಿನ ಅಂಚಿನಿಂದ ಎರಡು ಕಡ್ಡಿ ಮೇಲೆದ್ದವು, ಪ್ರತಿ ಕಡ್ಡಿಯ ತುದಿಯಲ್ಲಿ ಒಂದು ಕಣ್ಣು, ಸುತ್ತ ಹಳದಿ ಬಳೆ. ಎರಡೂ ಕಣ್ಣು ಒಂದೊಂದು ದಿಕ್ಕಿಗೆ ತಿರುಗಿ ನೋಡಿ, ಆಮೇಲೆ ಇಡೀ ಚಿಪ್ಪು ಒಂದು ಕುಪ್ಪಳ ಹಾಕಿ ಮುಂದೆ ಹೋಯಿತು. ನಮ್ಮ ಮನೆಯಲ್ಲಿ ತೀರ್ಥ ಹಾಕುತ್ತಿದ್ದ ವಸ್ತುವಿನ ಒಳಗೆ ಹಿಂದೆ ಯಾವುದೋ ಒಂದು ಜೀವ ಹೀಗೆ ಕಣ್ಣು ಚಾಚಿ ಕೂತಿತ್ತು ಅಂತ ಅಲ್ಲಿಯ ತನಕ ನಾನು ಯೋಚಿಸಿಯೇ ಇರಲಿಲ್ಲ.

ಅವತ್ತು ಸಂಜೆಯೇ ತಟ್ಟೆಯಲ್ಲಿ ಅದರ ಸೆವಿಚೆ ಬಂತು. ಹಸಿ ಮಾಂಸ ಸಣ್ಣಗೆ ಹೆಚ್ಚಿ, ಲಿಂಬೆರಸದಲ್ಲಿ ನೆನೆಸಿ, ಈರುಳ್ಳಿ, ಟೊಮೆಟೊ, ಕೊತ್ತಂಬರಿ, ಹಬನೇರೊ ಮೆಣಸು ಹಾಕಿದ್ದು. ತಿಂದೆ. ರುಚಿಯಾಗಿತ್ತು. ಸುಳ್ಳು ಯಾಕೆ ಹೇಳಲಿ?

ಶಾರ್ಕುಗಳು ಬಂದದ್ದು ಹೇಗೆ

ಹೋಲ್ ಚಾನ್ ಆದ ಮೇಲೆ ದೋಣಿಗಳು ಶಾರ್ಕ್ ರೇ ಆ್ಯಲಿ ಎಂಬ ಜಾಗಕ್ಕೆ ಹೋಗುತ್ತವೆ. ಎಂಜಿನ್ ಸದ್ದು ಕೇಳಿದ್ದೇ ತಡ, ಮಂಗಳೂರಿನ ದಕ್ಕೆಯಲ್ಲಿ ಬುಟ್ಟಿ ಇಳಿಸುವಾಗ ಸುತ್ತಿಕೊಳ್ಳುವ ಬೆಕ್ಕುಗಳ ಹಾಗೆ ನರ್ಸ್ ಶಾರ್ಕುಗಳು ದೋಣಿಯ ಕೆಳಗೆ ಸೇರಿಕೊಂಡವು. ಕಂದು ಬಣ್ಣ, ಆರೇಳು ಅಡಿ ಉದ್ದ, ಒಂದರ ಮೇಲೊಂದು ಉರುಳುತ್ತಿವೆ. ಜೊತೆಗೆ ಅಗಲವಾದ ಚಪ್ಪಟೆ ಮೀನುಗಳು, ತೊರಕೆಗಳು. ಗೈಡ್ "ಇಳೀರಿ" ಅಂದ. ದೋಣಿಯಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ನನ್ನ ಹೆಂಡತಿ ಎಲ್ಲರಿಗಿಂತ ಮೊದಲು ಹಾರಿದಳು, ಅವಳಾದ ಮೇಲೆ ನಾನು ದೋಣಿಯಲ್ಲಿ ಕೂತಿರುವ ಹಾಗೇ ಇರಲಿಲ್ಲ ಅಲ್ವಾ?

ನೀರಿನಲ್ಲಿ ಅವು ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮೇಲೆ ಬಂದ ಮೇಲೆ ಗೈಡ್‌ನನ್ನು ಕೇಳಿದೆ, ಇಷ್ಟೊಂದು ಇಲ್ಲೇ ಯಾಕಿವೆ ಅಂತ. ಐವತ್ತರ ಆಸುಪಾಸಿನ ಮನುಷ್ಯ, ಬಿಸಿಲಿಗೆ ಚರ್ಮ ಗಟ್ಟಿಯಾಗಿತ್ತು. "ಇದು ಯಾವ ಪವಾಡವೂ ಅಲ್ಲ. ಮೀನುಗಾರರು ದಂಡೆಯಾಚೆ ಮೀನು ಹಿಡಿದು, ಒಳಗಿನ ಸಪಾಟು ನೀರಿಗೆ ಬಂದು ಇಲ್ಲೇ ಸೀಳುತ್ತಿದ್ದರು. ಕರುಳು, ತಲೆ ಎಲ್ಲ ನೀರಿಗೆ. ಅದಕ್ಕೆ ಇವು ಬಂದವು. ನನ್ನಪ್ಪ ಸೀಳಿದ್ದಾನೆ, ಅಪ್ಪನ ಜೊತೆ ನಾನೂ ಸೀಳಿದ್ದೇನೆ. ಈಗ ನೀವು ಬಂದು ಫೋಟೋ ತೆಗೆಯುತ್ತೀರಿ" ಅಂದ.

ಅಂದರೆ, ನಾವು ದುಡ್ಡು ಕೊಟ್ಟು ನೋಡುವ ಈ ಕಾಡು ದೃಶ್ಯ ಒಂದು ಅಡುಗೆಮನೆಯ ಹಿತ್ತಲು. ನನ್ನ ತಲೆಯಲ್ಲಿ ಬೇರೆ ಬೇರೆ ಇದ್ದ ನೋಡುವ ಕಡಲು, ತಿನ್ನುವ ಕಡಲು ಎರಡೂ ಆ ಮನುಷ್ಯನಿಗೆ ಒಂದೇ. ಈಗಲೂ ಅವನ ಮನೆಯವರ ಲಾಬ್‌ಸ್ಟರ್ ಬೋನುಗಳು ನೀರಲ್ಲಿವೆ. ಸೀಸನ್‌ನಲ್ಲಿ ವಾರಕ್ಕೆ ಒಂದೆರಡು ದಿನ ಬೋನು ಎತ್ತುತ್ತಾನೆ, ಉಳಿದ ದಿನ ನಮ್ಮಂಥವರನ್ನು ತೇಲಿಸುತ್ತಾನೆ. (ಶಾರ್ಕುಗಳನ್ನು ದೋಣಿ ಹತ್ತಿರ ಕರೆಯೋಕೆ ಈಗಲೂ ಮೀನಿನ ಚೂರು ಎಸೆಯುವುದಿದೆ. ಅದು ನನಗೆ ಅಷ್ಟು ಹಿಡಿಸಲಿಲ್ಲ. ಹಿಂದೆ ಕಸ ಎಸೆದದ್ದಕ್ಕೆ ಬಂದವು, ಈಗ ನಮ್ಮ ಕ್ಯಾಮೆರಾಗೋಸ್ಕರ ಎಸೆಯುವುದು. ಎರಡೂ ಒಂದೇ ಅಂತ ವಾದ ಮಾಡಬಹುದು, ನನಗೆ ಒಂದೇ ಅನ್ನಿಸಲಿಲ್ಲ.)

ಹಲಗೆ ಒರೆಸಿದ ದಿನ

ನಾವು ಹೋದದ್ದು ಫೆಬ್ರವರಿ ಕೊನೆಗೆ. ಬೆಲೀಜ್‌ನಲ್ಲಿ ಮಾರ್ಚ್ 1ರಿಂದ ಜೂನ್ 30ರ ತನಕ ಲಾಬ್‌ಸ್ಟರ್ ಹಿಡಿಯುವಂತಿಲ್ಲ. ಹಾಗಾಗಿ ಮುಂದಿನ ಬೀದಿಯಲ್ಲಿ ಎಲ್ಲ ಕಡೆ ಕೊನೆಯ ಊಟದ ಗಡಿಬಿಡಿ. ಕತ್ತಲಾಗುತ್ತಿದ್ದ ಹಾಗೆ ಡ್ರಮ್ಮನ್ನು ಉದ್ದಕ್ಕೆ ಸೀಳಿ ಮಾಡಿದ ಒಲೆಗಳಲ್ಲಿ ಕೆಂಡ ಹೊತ್ತಿಸುತ್ತಾರೆ. ಲಾಬ್‌ಸ್ಟರನ್ನು ನಡುವೆ ಸೀಳಿ, ಬೆಣ್ಣೆ ಬೆಳ್ಳುಳ್ಳಿ ಸವರಿ, ಚಿಪ್ಪು ಕೆಳಗೆ ಮಾಡಿ ಇಡುತ್ತಾರೆ. ಪಕ್ಕದಲ್ಲಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ ಮತ್ತು ಕೆಂಪು ಬೀನ್ಸ್, ಕರಿದ ಬಾಳೆಹಣ್ಣು. ಮೇಜಿನ ಮೇಲೆ ಮೇರಿ ಶಾರ್ಪ್ಸ್ ಬಾಟಲಿ ಇಲ್ಲದ ಹೋಟೆಲ್ ನಾನು ನೋಡಲೇ ಇಲ್ಲ. ಹಬನೇರೊ ಮೆಣಸಿಗೆ ಕ್ಯಾರೆಟ್ ಹಾಕಿ ಮಾಡಿದ ಖಾರ ಅದು. ಮೊದಲ ತೊಟ್ಟಿಗೆ ಏನೂ ಅನ್ನಿಸುವುದಿಲ್ಲ, ಆಮೇಲೆ ಗೊತ್ತಾಗುತ್ತದೆ. ಊಟ ಬರೋಕೆ ಒಂದು ಗಂಟೆ ಹಿಡಿದರೆ ಅದು ಮಾಮೂಲು. ಯಾರೂ ಕ್ಷಮೆ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಮಾರ್ಚ್ ಒಂದನೇ ತಾರೀಕು ಅದೇ ಹೋಟೆಲಿಗೆ ಹೋದೆವು. ಹೊರಗಿನ ಕಪ್ಪು ಹಲಗೆಯ ಮೇಲೆ ಹಿಂದಿನ ರಾತ್ರಿ ದೊಡ್ಡ ಅಕ್ಷರದಲ್ಲಿದ್ದ ಲಾಬ್‌ಸ್ಟರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ಅಕ್ಷರದ ನೆರಳು ಮಾತ್ರ ಉಳಿದಿತ್ತು. ಪಕ್ಕದ ಮೇಜಿನ ಒಬ್ಬ ಪ್ರವಾಸಿ ಫ್ರೀಜರಿನಲ್ಲಿ ಒಂದಾದರೂ ಇರಬೇಕಲ್ಲ, ಎಷ್ಟಾದರೂ ಕೊಡುತ್ತೇನೆ ಅಂತ ಜೋರು ಮಾಡಿದ. ಒಲೆ ಮುಂದೆ ನಿಂತಿದ್ದ ಹುಡುಗ ತಲೆ ಎತ್ತದೆ "ಜುಲೈ" ಅಂದ. ಅಷ್ಟೇ. ಹಿಂದಿನ ಬೀದಿಯ ಕಡೆ ಹೋದರೆ ನೀರಿಂದ ಎತ್ತಿ ತಂದ ಮರದ ಬೋನುಗಳನ್ನು ಪೇರಿಸುತ್ತಿದ್ದರು. ನಮ್ಮ ಗೈಡ್ ಕೂಡ ಅಲ್ಲಿದ್ದ, ಬೋನಿಗೆ ಅಂಟಿದ್ದ ಚಿಪ್ಪು ಪಾಚಿ ಕೆರೆಯುತ್ತಿದ್ದ.

ಅವನನ್ನು ಕೇಳಿದೆ: "ಹೋಲ್ ಚಾನ್ ಒಳಗೆ ಅಷ್ಟು ದೊಡ್ಡ ದೊಡ್ಡ ಲಾಬ್‌ಸ್ಟರ್ ಇವೆ. ದಿನಾ ನೋಡುತ್ತೀಯ. ಕೈ ಹಾಕಬೇಕು ಅನ್ನಿಸುವುದಿಲ್ಲವಾ?" ಅವನು ನಕ್ಕ. "ಅದಕ್ಕೆ ಕಾಲಿದೆ. ಒಂದು ದಿನ ನಡೆದುಕೊಂಡು ಗಡಿ ದಾಟಿ ಬರುತ್ತದೆ. ಆಗ ನಮ್ಮದು."

ಇದನ್ನು ಕೇಳಿದ ಮೇಲೆ ನನಗೆ ಊರಿನ ಜೂನ್ ಜುಲೈ ನೆನಪಾಯಿತು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಸರ್ಕಾರದ ಆದೇಶ ಏನಿತ್ತೋ ಅಜ್ಜಿಗೆ ಗೊತ್ತಿರಲಿಲ್ಲ, ಆದರೆ ಅವಳ ಅಡುಗೆಮನೆಗೆ ಗೊತ್ತಿತ್ತು. ಮಳೆ ಹಿಡಿದರೆ ಒಣಮೀನಿನ ಡಬ್ಬ ಕೆಳಗಿಳಿಯುತ್ತಿತ್ತು, ಇಲ್ಲದಿದ್ದರೆ ಹೊಳೆ ಮೀನು. ಎರಡು ತಿಂಗಳು ಬಂಗಡೆಯ ಮಾತೇ ಇಲ್ಲ. ಈಗ ಬೆಂಗಳೂರಿನಲ್ಲಿರುವ ನನ್ನ ತಮ್ಮನಿಗೆ ಜುಲೈನಲ್ಲೂ ಮೀನು ಸಿಗುತ್ತದೆ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ಕ್ಕೆ ಮುಗಿಯುತ್ತದಲ್ಲ, ಆ ಕಡೆ ಬಾಗಿಲು ತೆರೆದ ಮೇಲೆ ಅಲ್ಲಿಂದ ಬರುತ್ತದೆ. ನನಗೆ ಹ್ಯೂಸ್ಟನ್ನಿನ ಅಂಗಡಿಯಲ್ಲಿ ಏಪ್ರಿಲ್‌ನಲ್ಲೂ ಲಾಬ್‌ಸ್ಟರ್ ಬಾಲ ಸಿಗುತ್ತದೆ, ಮಂಜಿನಲ್ಲಿ ಹೆಪ್ಪುಗಟ್ಟಿದ್ದು. ದಡದಿಂದ ದೂರ ಹೋದಷ್ಟೂ ತಟ್ಟೆಗೆ ನಿಷೇಧ ಕಾಣುವುದೇ ಇಲ್ಲ. ಆ ಪ್ರವಾಸಿ ಜೋರು ಮಾಡಿದ್ದು ದುರಹಂಕಾರಕ್ಕೆ ಅಂತ ಆಗ ಸಿಟ್ಟು ಬಂದಿತ್ತು. ಈಗ ನೋಡಿದರೆ ಅವನಿಗೆ ಜೀವನದಲ್ಲಿ ಯಾರೂ "ಜುಲೈ" ಅಂತ ಹೇಳಿಯೇ ಇರಲಿಕ್ಕಿಲ್ಲ.

ಯಾರ ಕೈಯಲ್ಲಿದೆ

ಬೆಲೀಜ್‌ನ ಜನಸಂಖ್ಯೆ ನಾಲ್ಕು ಲಕ್ಷದ ಹತ್ತಿರ. ಅಷ್ಟು ಚಿಕ್ಕ ದೇಶ ಕಡಲಿನ ವಿಷಯದಲ್ಲಿ ಮಾಡಿದ್ದು ನೋಡಿದರೆ ನಮಗೆ ಸ್ವಲ್ಪ ನಾಚಿಕೆ ಆಗಬೇಕು. ಪಾಚಿ ತಿಂದು ಹವಳವನ್ನು ಸ್ವಚ್ಛ ಇಡುವ ಗಿಣಿಮೀನನ್ನು ಹಿಡಿಯುವುದು 2009ರಲ್ಲಿ ನಿಂತಿತು. ತಳ ಗುಡಿಸುವ ಟ್ರಾಲಿಂಗ್ 2010ರ ಕೊನೆಗೆ ನಿಂತಿತು. ಮೀನಿನ ಕಿವಿರು ಸಿಕ್ಕಿಕೊಳ್ಳುವ ಗಿಲ್‌ನೆಟ್ ಬಲೆ 2020ರಲ್ಲಿ. ಕಡಲಲ್ಲಿ ತೈಲ ಹುಡುಕುವುದಕ್ಕೆ 2017ರಲ್ಲಿ ಕಾನೂನಿನಿಂದಲೇ ತಡೆ ಹಾಕಿದರು. 2009ರಿಂದ ಯುನೆಸ್ಕೋದ ಅಪಾಯದಲ್ಲಿರುವ ವಿಶ್ವ ಪರಂಪರೆ ತಾಣಗಳ ಪಟ್ಟಿಯಲ್ಲಿದ್ದ ಹವಳ ದಂಡೆ 2018ರಲ್ಲಿ ಆ ಪಟ್ಟಿಯಿಂದ ಹೊರಬಂತು. ಲಾಬ್‌ಸ್ಟರ್, ಶಂಖ ಹಿಡಿಯುವವರು ಸಿಲಿಂಡರ್ ಕಟ್ಟಿಕೊಂಡು ಮುಳುಗುವಂತಿಲ್ಲ, ಎದೆಯೊಳಗೆ ಹಿಡಿದ ಉಸಿರಿನಲ್ಲೇ ಹೋಗಿ ಬರಬೇಕು. ಶಂಖದ ಚಿಪ್ಪು ಏಳು ಇಂಚಿಗಿಂತ ಚಿಕ್ಕದಿದ್ದರೆ ಬಿಡಬೇಕು. ಯಾಕೆಂದರೆ ಅದು ಮರಿ ಮಾಡುವ ವಯಸ್ಸಿಗೆ ಬರಲು ಮೂರು ನಾಲ್ಕು ವರ್ಷ ಬೇಕು.

ನಮ್ಮಲ್ಲೂ ಕಾನೂನಿಗೇನು ಕೊರತೆ? ಬೆಳಕು ಹಾಯಿಸಿ ಮೀನು ಹಿಡಿಯುವುದು, ಎರಡು ದೋಣಿ ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಎರಡೂ ನಿಷೇಧ. ರಾತ್ರಿ ಕಡಲ ಕಡೆ ನೋಡಿದವರಿಗೆ ಅದರ ಗತಿ ಗೊತ್ತು. ಕೀ ಕಾಕರ್‌ನಲ್ಲಿ ಒಂದು ವ್ಯತ್ಯಾಸ ಇದೆ. ಅಲ್ಲಿನ ಲಾಬ್‌ಸ್ಟರ್ ಮೀನುಗಾರರು 1960ರಲ್ಲೇ ಸಹಕಾರಿ ಸಂಘ ಕಟ್ಟಿಕೊಂಡವರು. ಅದಕ್ಕೂ ಮುಂಚೆ ಹೊರಗಿನ ವ್ಯಾಪಾರಿ ಹೇಳಿದ್ದೇ ದರ. ತಮ್ಮ ಸಂಘವೇ ಕೊಂಡು ರಫ್ತು ಮಾಡಿ, ವರ್ಷದ ಕೊನೆಗೆ ಲಾಭದಲ್ಲಿ ಎರಡನೇ ಸಲ ಹಣ ಕೊಡುವ ಪದ್ಧತಿ ಬಂದ ಮೇಲೆ ಕಡಲಲ್ಲಿ ಉಳಿದದ್ದೂ ತಮ್ಮದೇ ಎಂಬ ಲೆಕ್ಕ ಅವರಿಗೆ ಬಂತು. ಆಮೇಲೆ ಪ್ರವಾಸಿಗರು ಬಂದರು. ಹಿಡಿಯುವವನೇ ತೋರಿಸುವವನೂ ಆದ. ಒಂದು ಮೀನು ಜೀವಂತ ಇದ್ದಾಗಲೂ ದುಡ್ಡು, ಸತ್ತಾಗಲೂ ದುಡ್ಡು ಅಂತಾದಾಗ ಅವನು ಅದನ್ನು ಬೇರೆ ಥರ ನೋಡುತ್ತಾನೆ. ನಮ್ಮ ಕಡೆ ನೇತ್ರಾಣಿ ದ್ವೀಪಕ್ಕೆ ಮುರ್ಡೇಶ್ವರದಿಂದ ಸ್ಕೂಬಾ ದೋಣಿ ಹೋಗುತ್ತವೆ. ಆ ಹಣದಲ್ಲಿ ಅಕ್ಕಪಕ್ಕದ ಬಲೆಗಾರರ ಮನೆಗೆ ಎಷ್ಟು ಹೋಗುತ್ತದೆ ಅಂತ ಯಾರಾದರೂ ಲೆಕ್ಕ ಹಾಕಬೇಕು.

ಹಾಗಂತ ಅಲ್ಲಿ ಎಲ್ಲ ಸರಿ ಇದೆ ಅಂತಲ್ಲ. ನನ್ನಂಥವರ ಹೊಟ್ಟೆಯೇ ಅಲ್ಲಿನ ದೊಡ್ಡ ಹೊರೆ. ಅಂಗೈಯಗಲದ ಬಾಲವನ್ನು ಬೆಣ್ಣೆಯಲ್ಲಿ ಮುಚ್ಚಿ ತಂದಿಟ್ಟ ಒಂದು ಜಾಗವೂ ಇತ್ತು. ಇಷ್ಟು ಚಿಕ್ಕದ್ದನ್ನು ಹಿಡಿಯಬಹುದಾ ಅಂತ ಕೇಳಿದರೆ ಮಾತು ತಿರುಗಿಸಿದರು. 2011ರಿಂದ ಈಚೆಗೆ ಕೆರಿಬಿಯನ್‌ಗೆ ತೇಲಿ ಬರುತ್ತಿರುವ ಸರ್ಗಾಸಮ್ ಪಾಚಿ ದಡದಲ್ಲಿ ಕೊಳೆತರೆ ಕೊಳೆತ ಮೊಟ್ಟೆಯ ನಾತ, ಬೆಳಗಾಗೆದ್ದು ಅದನ್ನು ಕುಂಟೆಯಿಂದ ಎಳೆಯುವವರೂ ಈ ಊರಿನವರೇ. 2023ರಲ್ಲಿ ಕಡಲ ನೀರು ಬಿಸಿಯಾಗಿ ಹವಳಗಳು ಬಿಳುಚಿದವು. ಅದನ್ನು ತಡೆಯೋಕೆ ಹಲಗೆ ಒರೆಸಿದರೆ ಸಾಲದು. ಗೈಡ್ ಒಂದು ಕಡೆ ನೀರಿನಲ್ಲಿ ಕೈ ತೋರಿಸಿ ನನ್ನನ್ನು ನಿಲ್ಲಿಸಿದ್ದ. ಮನೆಯಷ್ಟು ದೊಡ್ಡ ಹವಳ, ಅರ್ಧ ಬೂದು. ಮೇಲೆ ಬಂದ ಮೇಲೂ ಅದರ ಬಗ್ಗೆ ಅವನು ಮಾತಾಡಲಿಲ್ಲ.

ನೋಡಿದ ಮೇಲೂ ತಿನ್ನಬಹುದಾ? ನಾನು ತಿನ್ನುತ್ತೇನೆ. ಆದರೆ ಹ್ಯೂಸ್ಟನ್ನಿನಲ್ಲಿ ಏಪ್ರಿಲ್‌ನ ಲಾಬ್‌ಸ್ಟರ್ ಬಾಲ ಈಗ ಕೈಗೆತ್ತಿಕೊಳ್ಳಲು ಮನಸ್ಸಾಗುವುದಿಲ್ಲ, ಅದು ಸೀಸನ್‌ನಲ್ಲೇ ಹಿಡಿದಿಟ್ಟದ್ದು ಅಂತ ಗೊತ್ತಿದ್ದರೂ. ಹೆಂಡತಿ ಇದನ್ನು ಸೋಗು ಅನ್ನುತ್ತಾಳೆ. ಇರಬಹುದು.

ಹೋಗುವವರಿಗೆ

ತಿಳಿ ನೀರು, ಲಾಬ್‌ಸ್ಟರ್ ಎರಡೂ ಬೇಕು ಅಂದರೆ ಫೆಬ್ರವರಿ. ಉತ್ತರದ ಗಾಳಿ ಬೀಸಿದ ದಿನ ದೋಣಿ ಹೋಗುವುದಿಲ್ಲ, ಒಂದೆರಡು ದಿನ ಜಾಸ್ತಿ ಇಟ್ಟುಕೊಳ್ಳಿ. ಜುಲೈನಲ್ಲಿ ಸೀಸನ್ ಶುರುವಾದಾಗ ಊರಲ್ಲಿ ಲಾಬ್‌ಸ್ಟರ್ ಹಬ್ಬವೇ ನಡೆಯುತ್ತದೆ, ಆದರೆ ಅದು ಚಂಡಮಾರುತದ ಕಾಲವೂ ಹೌದು. ಯಾವ ತಿಂಗಳಾದರೂ ಧೈರ್ಯವಾಗಿ ತಿನ್ನಬಹುದಾದದ್ದು ಲಯನ್‌ಫಿಶ್. ನಮ್ಮ ಕಡೆಯ ಸಾಗರಗಳ ಮೀನು, ಅಲ್ಲಿಗೆ ಸೇರಿಕೊಂಡು ಮರಿ ಮೀನುಗಳನ್ನೆಲ್ಲ ನುಂಗುತ್ತಿದೆ. ತಿಂದಷ್ಟೂ ಒಳ್ಳೆಯದು, ಬಿಳಿ ಮಾಂಸ, ರುಚಿಯೂ ಇದೆ. ಬೆನ್ನಿಗೆ ಬಿಸಿಲಿನ ಕ್ರೀಮ್ ಬಳಿಯುವ ಬದಲು ತುಂಬು ತೋಳಿನ ಅಂಗಿ ಹಾಕಿ ಇಳಿಯಿರಿ. ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ, ಫ್ರೈ ಜ್ಯಾಕ್, ತೆಂಗಿನ ಹಾಲಿನ ಅನ್ನ, ಬಾಳೆಹಣ್ಣು ಎಲ್ಲ ಕಡೆ ಸಿಗುತ್ತವೆ. ಬೀನ್ಸ್ ಮಾತ್ರ ಬಾಯಿಗಿಡುವ ಮುಂಚೆ ಉಪ್ಪು ಹಾಕಿದ ಹಂದಿ ಬಾಲ ಹಾಕಿ ಬೇಯಿಸಿದ್ದೀರಾ ಅಂತ ಕೇಳಿ. ಅಲ್ಲಿ ಅದು ಮಾಮೂಲು. ಹಾಕಿದ್ದರೆ ಹೌದು ಅಂತಲೇ ಹೇಳುತ್ತಾರೆ, ಜೊತೆಗೆ ಅದಕ್ಕೇ ಅಷ್ಟು ರುಚಿ ಅಂತಲೂ ಸೇರಿಸುತ್ತಾರೆ.